ಕುದ್ರುವಿನ ವಂಶವೃಕ್ಷ ಬರೆದ ಬಗೆ

ನೇತ್ರಾವತಿಯು ಬಂಟ್ವಾಳವನ್ನು ದಾಟಿ ಮಂಗಳೂರಿನ ಅಳಿವೆಯ ಕಡೆಗೆ ಸಾಗುವ ಹಾದಿಯಲ್ಲಿ ಅಲ್ಲಲ್ಲಿ ಕುದ್ರುಗಳು, ಅಂದರೆ ಹೊಳೆಯ ನಡುಗಡ್ಡೆಗಳು, ಇವೆ. ಅವುಗಳಲ್ಲೊಂದು ನನ್ನ ತಾಯಿಯ ಕುಟುಂಬದ್ದು. ತೆಂಗಿನ ತೋಟ, ಹಳೆಯ ಮನೆ, ದೈವದ ಗುಡಿ, ದಾಟಲು ಒಂದು ದೋಣಿ, ಇಷ್ಟೇ ಅಲ್ಲಿರುವುದು. ಕುದ್ರುವಿನ ಇತಿಹಾಸವನ್ನೂ ಮನೆತನದ ವಂಶವೃಕ್ಷವನ್ನೂ ಬರೆದಿಡಬೇಕೆಂದು ದೊಡ್ಡಮ್ಮ ಹೇಳಿದಾಗ ಆರು ತಿಂಗಳಲ್ಲಿ ಮುಗಿಯುವ ಕೆಲಸವೆಂದು ಒಪ್ಪಿಕೊಂಡೆ. ನಾಲ್ಕು ವರ್ಷ ಹಿಡಿಯಿತು.

ನಾನು ಆರಂಭಿಸಿದ್ದು ಭೂದಾಖಲೆಗಳಿಂದ. 1956ರವರೆಗೆ ದಕ್ಷಿಣ ಕನ್ನಡವು ಮದ್ರಾಸಿನ ಆಡಳಿತದಲ್ಲಿದ್ದುದರಿಂದ ನಮ್ಮ ಹಳೆಯ ಜಮೀನಿನ ಲೆಕ್ಕವೆಲ್ಲ ವರ್ಗ (ಒಬ್ಬರ ಹೆಸರಿನ ಹಿಡುವಳಿ), ಅಡಂಗಲು (ಊರಿನ ಜಮೀನು, ಬೆಳೆಗಳ ಲೆಕ್ಕ), ಪಟ್ಟೆ (ಜಮೀನಿನ ಹಕ್ಕುಪತ್ರ) ಎಂಬ ಭಾಷೆಯಲ್ಲಿದೆ. ಇಂದಿನ ಪಹಣಿಯ ಸರ್ವೆ ನಂಬರನ್ನು ಹಿಡಿದು ಹಿಂದೆ ಹಿಂದೆ ಹೋದಾಗ ಒಬ್ಬರ ನಂತರ ಒಬ್ಬರಂತೆ ನಾಲ್ವರು ಪಟ್ಟೆದಾರರ ಹೆಸರು ಸಿಕ್ಕಿತು. ಬೆಂಗಳೂರಿನಲ್ಲಿ ಬೆಳೆದ ನಾನು ಅವರನ್ನು ತಂದೆ, ಮಗ, ಮೊಮ್ಮಗ, ಮರಿಮಗ ಎಂದು ಕೆಳಗಿಳಿಸಿ ಬರೆದೆ. ಒಂದು ಮೂಲಗೇಣಿ (ಶಾಶ್ವತ ಗೇಣಿ) ಚೀಟಿನಲ್ಲಿ ಎರಡನೆಯವರು ಮೂರನೆಯವರನ್ನು ‘ನನ್ನ ಅಳಿಯ’ ಎಂದಿದ್ದರು. ಹಾಗಾದರೆ ಇವರು ಮಗನಲ್ಲ, ಮಗಳ ಗಂಡ ಎಂದು ತಿದ್ದಿಕೊಂಡು, ಎಂದೂ ಹುಟ್ಟದ ಮಗಳೊಬ್ಬಳನ್ನು ಸೃಷ್ಟಿಸಿ, ಅವಳಿಗೆ ಮದುವೆಯನ್ನೂ ಮಾಡಿಸಿದೆ. ಹಾಳೆಯನ್ನು ನೋಡಿದ ದೊಡ್ಡಮ್ಮ, "ಅಳಿಯಕಟ್ಟಿನ ಮನೆಗೆ ಮಗಳ ಗಂಡ ಯಜಮಾನ ಆಗುವುದುಂಟಾ ಮಾರಾಯ?" ಎಂದು ನಕ್ಕರು.

ಆ ನಾಲ್ವರೂ ಸೋದರಮಾವ ಮತ್ತು ಸೋದರಳಿಯಂದಿರು. ಅಳಿಯಸಂತಾನದಲ್ಲಿ, ಅಂದರೆ ಅಳಿಯಕಟ್ಟಿನಲ್ಲಿ, ಆಸ್ತಿಯ ಹಕ್ಕು ತಾಯಿಯಿಂದ ಮಗಳ ಸಂತತಿಗೆ ಇಳಿಯುತ್ತಿತ್ತು. ಅದನ್ನು ನೋಡಿಕೊಳ್ಳುವ ಯಜಮಾನಿಕೆ ಮಾತ್ರ ಸಾಮಾನ್ಯವಾಗಿ ಹಿರಿಯ ಗಂಡಸಿನ ಕೈಯಲ್ಲಿದ್ದು, ಅವನ ನಂತರ ತಮ್ಮನಿಗೋ ಅಕ್ಕತಂಗಿಯರ ಮಗನಿಗೋ ಹೋಗುತ್ತಿತ್ತು. ಹೀಗಾಗಿ ಕಂದಾಯದ ಕಾಗದದಲ್ಲಿ ಹೆಸರಿರುವವರು ಗಂಡಸರು. ಅವರನ್ನು ಒಬ್ಬರಿಗೊಬ್ಬರು ಜೋಡಿಸುವ ಮೂವರು ಹೆಂಗಸರ ಹೆಸರು ಅಲ್ಲಿ ಎಲ್ಲಿಯೂ ಇಲ್ಲ. ಬರೆದಿದ್ದನ್ನೆಲ್ಲ ಹರಿದುಹಾಕಿ, ಹೆಂಗಸರನ್ನು ಹುಡುಕಲು ಹೊರಟೆ.

ಅವರು ಸಿಕ್ಕಿದ್ದು ಪಾಲಿನ ದಾವೆಯ ಕಾಗದಗಳಲ್ಲಿ. ಹಿಂದೆ ಅಳಿಯಸಂತಾನ ಕುಟುಂಬದಲ್ಲಿ ಎಲ್ಲರೂ ಒಪ್ಪದ ಹೊರತು ಪಾಲಾಗುವಂತಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯು ಪಾಲು ಕೇಳುವ ಹಕ್ಕನ್ನು ಕವರಿಗೆ, ಅಂದರೆ ಒಬ್ಬ ಹೆಣ್ಣು ಮತ್ತು ಹೆಣ್ಣಿನ ಸಾಲಿನಲ್ಲಿ ಬಂದ ಅವಳ ಸಂತತಿಗೆ, ಕೊಟ್ಟಿತು. ನಮ್ಮ ಮನೆಯ ದಾವೆ 1951ರಲ್ಲಿ ದಾಖಲಾಯಿತು. ಯಾರು ಯಾವ ಕವರಿನವರೆಂದು ತೋರಿಸದೆ ಪಾಲು ಕೇಳಲಾಗದ ಕಾರಣ, ದಾವೆಯ ಅರ್ಜಿಗೆ ಲಗತ್ತಿಸಿದ್ದ ವಂಶಾವಳಿಯಲ್ಲಿ ಹೆಂಗಸರೆಲ್ಲ ಹೆಸರು, ವಯಸ್ಸು ಸಹಿತ ಇದ್ದರು. ನಕಲು ಕೈಸೇರಲು ಹದಿನಾಲ್ಕು ತಿಂಗಳು ಅಲೆದದ್ದು ಬೇರೆ ಮಾತು.

ಆದರೆ ದಾವೆಯ ವಯಸ್ಸನ್ನು ಹಾಗೆಯೇ ನಂಬಬಾರದೆಂಬುದು ಬೇಗನೆ ತಿಳಿಯಿತು. ಆ ಕಾಯ್ದೆಯ ಪ್ರಕಾರ ಕವರಿನಲ್ಲಿ ಐವತ್ತು ತುಂಬದ ಹೆಣ್ಣು ಒಬ್ಬಳಾದರೂ ಇದ್ದರೆ ಅದು ಸಂತತಿ ಕವರು, ಇಲ್ಲವಾದರೆ ನಿಸ್ಸಂತತಿ. ಕುಟುಂಬದಲ್ಲಿ ಬೇರೆ ಸಂತತಿ ಕವರು ಇದ್ದಾಗ ನಿಸ್ಸಂತತಿ ಕವರಿಗೆ ದಕ್ಕುವುದು ಜೀವಿತಾವಧಿಯ ಹಕ್ಕು ಮಾತ್ರ. ಅಜ್ಜಿಯೊಬ್ಬರ ವಯಸ್ಸನ್ನು ವಾದಿಗಳು 51 ಎಂದರೆ, ಆಕೆಯ ಕವರಿನವರು 47 ಎಂದಿದ್ದರು. ಇದನ್ನು ಬಿಡಿಸಿದ್ದು ಅಟ್ಟದ ಪೆಟ್ಟಿಗೆಯಲ್ಲಿದ್ದ ತೆಂಗಿನಕಾಯಿ ಲೆಕ್ಕದ ಪುಸ್ತಕ. ಆಕೆ ಹುಟ್ಟಿದ್ದು ಕ್ರೋಧಿ ಸಂವತ್ಸರದಲ್ಲಿ ಎಂದು ಅದರ ಅಂಚಿನಲ್ಲಿ ಬರೆದಿತ್ತು. ಅರುವತ್ತು ವರ್ಷಕ್ಕೊಮ್ಮೆ ಮರಳುವ ಕ್ರೋಧಿಯು ಆ ಸುತ್ತಿನಲ್ಲಿ ಬಿದ್ದದ್ದು 1904ರಲ್ಲಿ. 51 ಆಗಲು ಆಕೆ ಹುಟ್ಟಬೇಕಿದ್ದ 1900 ಶಾರ್ವರಿ. ಆಕೆಯ ಕವರಿನವರು ಹೇಳಿದ್ದೇ ನಿಜವಾಗಿತ್ತು. ದಾವೆ ರಾಜಿಯಲ್ಲಿ ಮುಗಿದಿದ್ದರಿಂದ ನ್ಯಾಯಾಲಯವು ಇದನ್ನು ತೀರ್ಮಾನಿಸುವ ಪ್ರಮೇಯವೇ ಬರಲಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ತೀರಿಕೊಂಡ ಗಂಡಸರ ಪಾಲು ಅವರ ಹೆಂಡತಿ ಮಕ್ಕಳಿಗೆ ಹೋಗತೊಡಗಿದ್ದರಿಂದ, ಅಲ್ಲಿಯವರೆಗೆ ಹೆಣ್ಣಿನ ಸಾಲಿನಲ್ಲಷ್ಟೇ ಇಳಿಯುತ್ತಿದ್ದ ನನ್ನ ವೃಕ್ಷವೂ ಅಲ್ಲಿಂದ ಮುಂದೆ ಎರಡೂ ಕಡೆಗೆ ಕವಲೊಡೆದಿದೆ.

ನೆಲದ ಕಥೆಯೂ ನೇರವಾಗಿಲ್ಲ. 1923ರ ಆಗಸ್ಟಿನ ಮಹಾ ನೆರೆಯು ಕುದ್ರುವಿನ ಮೂಡಣ ತಲೆಯನ್ನು ಕೊರೆದೊಯ್ದಿತು. ಮರುವರ್ಷ ಕೊಚ್ಚಿಹೋದ ನೆಲಕ್ಕೆ ತೀರ್ವೆ (ಭೂಕಂದಾಯ) ಮಾಫಿ ಕೇಳಿದ ಅರ್ಜಿಯ ಪ್ರತಿ ಅದೇ ಪೆಟ್ಟಿಗೆಯಲ್ಲಿದೆ. ಪಡುವಣ ಬಾಲದಲ್ಲಿ ಹೊಸದಾಗಿ ಕೂಡಿಕೊಂಡ ಮರಳುದಿಣ್ಣೆ ಮಾತ್ರ ನಮ್ಮ ವರ್ಗಕ್ಕೆ ಸೇರಲಿಲ್ಲ, ಪರಂಬೋಕಾಗಿಯೇ, ಅಂದರೆ ಸರ್ಕಾರಿ ನೆಲವಾಗಿಯೇ, ಉಳಿಯಿತು. ಅದಕ್ಕಿಂತ ದೊಡ್ಡ ಬದಲಾವಣೆಯಾದದ್ದು ಭೂಸುಧಾರಣೆಯಿಂದ. 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರದಲ್ಲಿ ನಿಹಿತವಾಯಿತು. ಕುದ್ರುವಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಬೇಸಾಯ ಮಾಡುತ್ತಿದ್ದ ಮೂರು ಒಕ್ಕಲು ಕುಟುಂಬಗಳು ಏಳನೇ ನಮೂನೆಯಲ್ಲಿ ಡಿಕ್ಲರೇಷನ್ ಸಲ್ಲಿಸಿ, ಭೂನ್ಯಾಯಮಂಡಳಿಯಲ್ಲಿ ಅಧಿಭೋಗದ, ಅಂದರೆ ಉಳುವವರಿಗೇ ಜಮೀನು ಸಿಗುವ, ಹಕ್ಕು ಪಡೆದವು. ಆ ಕಡತಗಳಲ್ಲಿ ಯಾರು ಯಾವ ದಂಡೆಯಲ್ಲಿ ಎಷ್ಟು ತಲೆಮಾರಿನಿಂದ ದುಡಿದರೆಂಬ ಹೇಳಿಕೆಗಳಿವೆ. ನಮ್ಮ ಮನೆಯ ಯಾವ ಕಾಗದದಲ್ಲಿಯೂ ಅಷ್ಟು ವಿವರವಿಲ್ಲ. ಅವರ ಒಪ್ಪಿಗೆ ಪಡೆದು ಆ ಮೂರು ಮನೆಗಳ ವಂಶಾವಳಿಯನ್ನೂ ಸೇರಿಸಿದೆ. "ಇದು ನಮ್ಮ ಪುಸ್ತಕವಲ್ಲವೇ?" ಎಂದು ಸೋದರಮಾವ ಮುನಿಸಿಕೊಂಡರು. ಕುದ್ರುವಿನ ಪುಸ್ತಕ ಎಂದೆ.

ದಾವೆಯ ವಂಶಾವಳಿಗಿಂತ ಹಿಂದಿನದಕ್ಕೆ ದೊಡ್ಡಮ್ಮನ ಬಾಯಿಯೇ ಆಧಾರ. ದೀಪಾವಳಿಯಲ್ಲಿ ತೀರಿಹೋದವರಿಗೆ ಬಡಿಸುವಾಗ ಅವರು ಒಂದೊಂದು ಎಲೆಗೂ ಒಂದೊಂದು ಹೆಸರು ಹೇಳುತ್ತಾರೆ, ಕ್ರಮ ತಪ್ಪುವುದಿಲ್ಲ. ಎರಡು ವರ್ಷ ಪಕ್ಕದಲ್ಲಿ ಕುಳಿತು ಅದನ್ನು ಬರೆದುಕೊಂಡೆ. ಎರಡೂ ವರ್ಷದ ಪಟ್ಟಿಗಳು ತಾಳೆಯಾದವು. ಮೊದಲ ಎಲೆಗೆ ಮಾತ್ರ ಹೆಸರಿಲ್ಲ. "ದೋಣಿಯಲ್ಲಿ ಬಂದ ಅಜ್ಜಿಗೆ" ಎಂದು ಬಡಿಸುತ್ತಾರೆ. ವೃಕ್ಷದ ತಲೆಯಲ್ಲಿ ನಾನೂ ಹಾಗೆಯೇ ಬರೆದಿದ್ದೇನೆ.