1971ರ ಯುದ್ಧದ ದಿನಗಳಲ್ಲಿ ಬೆಳಗಾವಿಯ ಬಾವಿಗಳು: ನನ್ನ ಅನುಭವ

1971ರ ಡಿಸೆಂಬರ್ 3ರಂದು ಯುದ್ಧ ಆರಂಭವಾದಾಗ ನಾನು ಬೆಳಗಾವಿಯಲ್ಲಿ ಕಿರಿಯ ಆರೋಗ್ಯ ನಿರೀಕ್ಷಕನಾಗಿದ್ದೆ. ಮರಾಠಾ ಲೈಟ್ ಇನ್‌ಫಂಟ್ರಿಯ ರೆಜಿಮೆಂಟ್ ಕೇಂದ್ರ ಇಲ್ಲಿಯೇ ಇರುವುದರಿಂದ ಊರಿನಲ್ಲಿ ಯೋಧರ ಮತ್ತು ಅವರನ್ನು ಕಾಣಲು ಬಂದ ಮನೆಯವರ ಓಡಾಟ ಹೆಚ್ಚಿತ್ತು. ಅದೇ ವರ್ಷ ಬಂಗಾಳದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿದ್ದರಿಂದ ನೀರಿನ ವಿಷಯದಲ್ಲಿ ನಮಗೆ ಅಳುಕಿತ್ತು. ಊರಿನ ಸೇನಾ ನೆಲೆಯಾದ ಕ್ಯಾಂಪ್ ಪ್ರದೇಶದ ನೈರ್ಮಲ್ಯವನ್ನು ಕಂಟೋನ್ಮೆಂಟ್ ಮಂಡಳಿ ನೋಡಿಕೊಳ್ಳುತ್ತಿತ್ತು. ಅದರಾಚೆಯ ಖಾನಾವಳಿ, ಚಹಾದಂಗಡಿ ಮತ್ತು ಸೇದುಬಾವಿಗಳು ನಮ್ಮ ಪಾಲಿಗಿದ್ದವು.

ಎಲ್ಲ ಬಾವಿಗೂ ಒಂದೇ ಅಳತೆಯ ಬ್ಲೀಚಿಂಗ್ ಪುಡಿ ಸುರಿಯುವುದು ನನಗೆ ಒಪ್ಪಿಗೆಯಾಗುತ್ತಿರಲಿಲ್ಲ. ಹೊಸ ಪುಡಿಯಲ್ಲಿ ಸುಮಾರು 33 ಪ್ರತಿಶತ ಕ್ಲೋರಿನ್ ಇರುತ್ತದೆ, ಆದರೆ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಅದು ಬೇಗನೆ ಇಳಿಯುತ್ತದೆ. ಆದ್ದರಿಂದ ಬಾವಿಗೆ ಹಾಕಲಿರುವ ಡಬ್ಬಿಯ ಪುಡಿಯಿಂದಲೇ, ಆ ನೀರಿಗೆ ಎಷ್ಟು ಪುಡಿ ಬೇಕೆಂದು ತಿಳಿಸುವ ಹಾರಾಕ್ಸ್ ಪರೀಕ್ಷೆ ಮಾಡುತ್ತಿದ್ದೆ. ಬ್ರಿಟಿಷ್ ಸೇನೆಯ ವೈದ್ಯಾಧಿಕಾರಿ ವಿಲಿಯಂ ಹಾರಾಕ್ಸ್ ರೂಪಿಸಿದ ಈ ಪರೀಕ್ಷೆಯ ಪೆಟ್ಟಿಗೆಯಲ್ಲಿ ಒಂದು ಕಪ್ಪು ಹಾಗೂ ಆರು ಬಿಳಿ ಬಟ್ಟಲುಗಳಿರುತ್ತವೆ. ಕಪ್ಪು ಬಟ್ಟಲಿನಲ್ಲಿ 2 ಗ್ರಾಂ ಪುಡಿಯ ದ್ರಾವಣ ಮಾಡಿ, ಬಾವಿನೀರು ತುಂಬಿದ ಬಿಳಿ ಬಟ್ಟಲುಗಳಿಗೆ ಅದರ ತಿಳಿಯನ್ನು ಒಂದು, ಎರಡು, ಮೂರು ಎಂದು ಏರುವ ಕ್ರಮದಲ್ಲಿ ಹನಿ ಹಾಕಿ ಅರ್ಧ ಗಂಟೆ ಕಾಯಬೇಕು. ನಂತರ, ಕ್ಲೋರಿನ್ ಉಳಿದಿದ್ದರೆ ನೀಲಿಯಾಗುವ ಪಿಷ್ಟ–ಅಯೊಡೈಡ್ ದ್ರಾವಣ ಬೆರೆಸಿದಾಗ ಮೊದಲು ನೀಲಿ ಕಾಣುವುದು ಮೂರನೆಯ ಬಟ್ಟಲಿನಲ್ಲಾದರೆ, 455 ಲೀಟರ್ ನೀರಿಗೆ ಮೂರು ಚಮಚ, ಅಂದರೆ 6 ಗ್ರಾಂ ಪುಡಿ ಬೇಕು. ಮೂರು ಮೀಟರ್ ಅಗಲದ, ನಾಲ್ಕು ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 28,000 ಲೀಟರ್ ನೀರಿರುವುದರಿಂದ ಅದಕ್ಕೆ 370 ಗ್ರಾಂ ಸಾಕು.

ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಇಳಿಸಿ, ಬಕೆಟ್ಟನ್ನು ಹಗ್ಗದಿಂದ ಮೇಲೆ ಕೆಳಗೆ ಆಡಿಸುತ್ತಿದ್ದೆವು. ಸುಣ್ಣವೂ ಬಿದ್ದರೆ ನೀರು ಗಡಸಾಗುತ್ತದೆ, ಬೇಳೆ ಬೇಯುವುದಿಲ್ಲವೆಂಬ ದೂರು ನಮ್ಮ ಕಚೇರಿಗೇ ಬರುತ್ತದೆ.

ಬೆಳಗಾವಿಯದೇ ಭಾಗವಾದ ಶಹಾಪುರದಲ್ಲಿ ಒಬ್ಬ ಅಜ್ಜಿ ಕೊಡವನ್ನು ಕಟ್ಟೆಗೆ ಕುಕ್ಕಿ, “ಸಾಹೇಬ್ರ, ನೀರು ದವಾಖಾನಿ ವಾಸನಿ ಹೊಡಿತೈತ್ರಿ, ದೇವರಿಗೆ ಹೆಂಗ ಇಡೂದ್ರಿ?” ಎಂದರು. ಆ ಮಾತಿನಲ್ಲಿ ನ್ಯಾಯವಿತ್ತು. ಅಂದಿನಿಂದ ಜನ ನೀರು ಸೇದಿ ಮುಗಿಸಿದ ರಾತ್ರಿ ಹೊತ್ತಿನಲ್ಲಿ ಈ ಕೆಲಸ ಇಟ್ಟುಕೊಂಡೆ. ಬೆಳಗಾಗುವಷ್ಟರಲ್ಲಿ ವಾಸನೆ ತಗ್ಗುತ್ತಿತ್ತು, ಕ್ಲೋರಿನ್ನಿಗೂ ನೀರಿನಲ್ಲಿ ಕೆಲಸ ಮಾಡಲು ಸಾಕಷ್ಟು ಸಮಯ ಸಿಗುತ್ತಿತ್ತು.

ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾದ ಮೇಲೂ ಈ ಸುತ್ತನ್ನು ನಿಲ್ಲಿಸಲಿಲ್ಲ. ರಜೆಯ ಮೇಲೆ ಬರುವವರಿಂದ ರೈಲು ನಿಲ್ದಾಣದ ಸುತ್ತಲಿನ ಖಾನಾವಳಿಗಳು ಆಮೇಲೆಯೇ ಹೆಚ್ಚು ತುಂಬತೊಡಗಿದವು.