ಬೇವಿನ ಬೀಜದ ಕಷಾಯವನ್ನು ಒಲೆಗೆ ಇಡಬೇಡಿ

ಕಳೆದ ಹಿಂಗಾರಿನಲ್ಲಿ ನಮ್ಮೂರಿನ ಹುಡುಗನೊಬ್ಬ ಬೇವಿನ ಬೀಜವನ್ನು ಹಂಡೆಯಲ್ಲಿ ಕುದಿಸಿ, ಆ ನೀರನ್ನು ನಡುಮಧ್ಯಾಹ್ನದ ಬಿಸಿಲಿನಲ್ಲಿ ಕಡಲೆ ಹೊಲಕ್ಕೆ ಹೊಡೆದು, ಮೂರನೆಯ ದಿನ ನನ್ನ ಬಳಿಗೆ ಬಂದು "ಹುಳ ಸಾಯಲಿಲ್ಲ ಆಯಿ, ಅಂಗಡಿ ಎಣ್ಣೀನ ಹೊಡೀಬೇಕು" ಎಂದ. ಅಂಗಡಿ ಎಣ್ಣಿ ಎಂದರೆ ಕೊಂಡುತರುವ ಕೀಟನಾಶಕ. ಕಷಾಯ ಎಂಬ ಹೆಸರು ಕೇಳಿದ ಮಾತ್ರಕ್ಕೆ ಕುದಿಸಬೇಕೆಂದು ತಿಳಿದವರನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಬೇವಿನ ಸತ್ವ ಕೆಡುವುದೇ ಬೆಂಕಿಯಿಂದ ಮತ್ತು ಬಿಸಿಲಿನಿಂದ.

ತಿಪ್ಪೆಗೊಬ್ಬರ ಹಾಕುವುದು, ಕಡಲೆ ಬಿತ್ತಿದ ಹೊಲಕ್ಕೆ ಮರುವರ್ಷ ಜೋಳ ಬಿತ್ತುವುದು, ಕಡಲೆಯ ನಡುವೆ ಕೊತ್ತಂಬರಿ ಸಾಲು ಬಿಡುವುದು ಎರೆಹೊಲದ ಮಕ್ಕಳಿಗೆ ಗೊತ್ತಿರುವುದೇ. ಕಡಲೆಕಾಯಿಯನ್ನು ಕೊರೆದು ತಿನ್ನುವ ಕಾಯಿಕೊರಕ ಹುಳುವನ್ನು ತಡೆಯುವ ಕೆಲಸ ಮಾತ್ರ ಹಿಂಗಾರಿನಲ್ಲಿ ಹುಳು ಕಂಡಾಗ ಆರಂಭವಾಗುವುದಲ್ಲ. ಅದು ಮಿರಗ, ಆರಿದ್ರಿ ಮಳೆಯ ಹೊತ್ತಿಗೆ, ಅಂದರೆ ಜೂನ್ ಸುಮಾರಿಗೆ, ಬೇವಿನ ಮರದ ಕೆಳಗೆ ಆರಂಭವಾಗಬೇಕು.

ಹಳದಿಯಾಗಿ ಉದುರಿದ ಹಣ್ಣುಗಳನ್ನು ದಿನವೂ ಆರಿಸಿರಿ. ಅವನ್ನು ನೀರಿನಲ್ಲಿ ನೆನೆಸಿ, ಬಿದಿರಿನ ಬುಟ್ಟಿಗೆ ಉಜ್ಜಿ, ಸಿಹಿ ತಿರುಳಿನ ಜಿಗುಟು ಒಂದಿಷ್ಟೂ ಉಳಿಯದಂತೆ ತೊಳೆಯಬೇಕು. ಉಳಿದರೆ ನಾಲ್ಕೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಒಣಗಿಸುವುದು ನೆರಳಿನಲ್ಲಿ, ಗಾಳಿಯಾಡುವ ಪಡಸಾಲೆಯಲ್ಲಿ. ನಮ್ಮ ಅತ್ತೆಯವರು ಮುಂಜಾನೆ ಸಂಜೆ ಕೈಯಾಡಿಸಿ, ಒಂದು ಬೀಜವನ್ನು ಒಡೆದು ಒಳಗಿನ ತಿಳಿಹಸಿರನ್ನು ನನಗೆ ತೋರಿಸುತ್ತಿದ್ದರು. ಕಪ್ಪಗಾದ ಬೀಜವನ್ನು ಆರಿಸಿ ಹೊರಗೆ ಎಸೆಯುವವರೆಗೆ ಅವರು ಊಟಕ್ಕೆ ಏಳುತ್ತಿರಲಿಲ್ಲ. ಒಣಗಿದ್ದನ್ನು ಗೋಣಿಚೀಲದಲ್ಲಿ ಇಡಿ, ಪ್ಲಾಸ್ಟಿಕ್ ಚೀಲದಲ್ಲಿ ಖಂಡಿತ ಬೇಡ. ಮೂರು ತಿಂಗಳಿನಿಂದ ಎಂಟು ತಿಂಗಳ ಬೀಜ ಒಳ್ಳೆಯದು. ಹೋದ ವರ್ಷದ ಬೀಜ ಮೂಲೆಯಲ್ಲಿ ಬಿದ್ದಿದೆಯೆಂದು ಅದನ್ನೇ ಕುಟ್ಟಬೇಡಿ.

ಹೊಡೆಯುವ ಹಿಂದಿನ ಸಂಜೆ ಬೀಜವನ್ನು ಮೆಲ್ಲಗೆ ಕುಟ್ಟಿ, ಮೊರದಲ್ಲಿ ಸಿಪ್ಪೆ ಕೇರಿ, ಒಳಗಿನ ಬೇಳೆಯನ್ನು ಮತ್ತೆ ರವೆಯಂತೆ ಕುಟ್ಟಬೇಕು. ಎಣ್ಣೆ ಬಿಡುವಷ್ಟು ಜಜ್ಜಿದಿರೋ, ಅದು ಮುದ್ದೆಯಾಗುತ್ತದೆ, ಸತ್ವ ನೀರಿಗೆ ಇಳಿಯುವುದಿಲ್ಲ. ಇದಕ್ಕೆ ಒರಳು ಬೇರೆಯೇ ಇರಲಿ. ನನ್ನ ಸೊಸೆ ಒಮ್ಮೆ ಅದೇ ಒರಳಿನಲ್ಲಿ ಶೇಂಗಾ ಚಟ್ನಿಪುಡಿ ಕುಟ್ಟಿ, ಅಷ್ಟನ್ನೂ ತಿಪ್ಪೆಗೆ ಹಾಕಬೇಕಾಯಿತು.

ಕುಟ್ಟಿದ್ದನ್ನು ಹಳೆಯ ತೆಳು ಧೋತರದಲ್ಲಿ ಸಡಿಲವಾಗಿ ಗಂಟು ಕಟ್ಟಿ, ಒಂದು ಕೊಡ ನೀರಿಗೆ ಮೂರು ಬೊಗಸೆಯಂತೆ ರಾತ್ರಿಯಿಡೀ ನೆನೆಸಿರಿ. ಅಳತೆ ಕೇಳುವವರಿಗೆ 100 ಲೀಟರಿಗೆ 5 ಕಿಲೋ. ಬೋರಿನ ಸವಳು ನೀರಿಗಿಂತ ಕೆರೆಯ ನೀರು ಮೇಲು. ಮರುದಿನ ಗಂಟನ್ನು ಹಿಂಡಿ ಹಿಂಡಿ ಅದ್ದಬೇಕು. ಮೊದಲು ಹಾಲಿನಂತೆ ಬಿಳಿ ನೀರು ಬರುತ್ತದೆ, ಅದು ತಿಳಿಯಾಗುವವರೆಗೂ ಕೈ ಬಿಡಬಾರದು. ಎಲೆಗೆ ಅಂಟಲೆಂದು ಅಂಟುವಾಳಕಾಯಿಯ ನೊರೆನೀರು ಬೆರೆಸಿ, ಎರಡು ಸಲ ಸೋಸಿ, ಹೊತ್ತು ಇಳಿದ ಮೇಲೆ ಅಂದೇ ಹೊಡೆದು ಮುಗಿಸಿರಿ.

ಇದು ಹುಳುವನ್ನು ಕೂಡಲೇ ಕೆಡವುವ ಔಷಧವಲ್ಲ. ಮರಿಹುಳು ತಿನ್ನುವುದನ್ನು ಬಿಡುತ್ತದೆ, ಪೊರೆ ಕಳಚಲಾರದೆ ಸಾಯುತ್ತದೆ. ಬೆರಳುದ್ದ ಬೆಳೆದ ಹುಳುವಿಗೆ ಹೆಚ್ಚೇನೂ ಆಗುವುದಿಲ್ಲ. ಆದ್ದರಿಂದ ಹೂ ಕಾಣುವಾಗಲೇ ಗಿಡದ ಕುಡಿಯನ್ನು ಕಣ್ಣ ಹತ್ತಿರ ಹಿಡಿದು ಮೊಟ್ಟೆ ಹುಡುಕಿ, ವಾರ ಹತ್ತು ದಿನಕ್ಕೆ ಮತ್ತೊಮ್ಮೆ ಹೊಡೆಯಿರಿ. ದೊಡ್ಡ ಹುಳುಗಳನ್ನು ಹಕ್ಕಿಗಳು ತಿನ್ನುತ್ತವೆ, ಅವು ಕೂರಲು ಹೊಲದಲ್ಲಿ ಅಲ್ಲಲ್ಲಿ ಕವಲುಕಟ್ಟಿಗೆ ನೆಡಿ. ಗಂಟಿನಲ್ಲಿ ಉಳಿದ ಚರಟವನ್ನು ಹಿತ್ತಲಿನ ಬದನೆಯ ಬುಡಕ್ಕೆ ಹಾಕಿ ಮಣ್ಣು ಮುಚ್ಚಿರಿ.