ಮೀಟರಿಗೆ ಪಳಗಿದ ಬಿಎಸ್-6 ಗಾಡಿ

ತಿಪಟೂರಿನ ಬಿ.ಎಚ್. ರಸ್ತೆಯಲ್ಲಿರುವ ನನ್ನ ಬೈಕ್-ಸ್ಕೂಟರ್ ಗ್ಯಾರೇಜಿಗೆ ಮೊದಲ ಬಿಎಸ್-6 ಗಾಡಿ ಬಂದದ್ದು 2020ರ ಕೊನೆಯಲ್ಲಿ. ಆ ವರ್ಷದ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ಎಂಬ ಈ ಹೊಸ ಹೊಗೆ ನಿಯಮ ಜಾರಿಗೆ ಬಂದಿತ್ತು. ಹೆಚ್ಚಿನ ಗಾಡಿಗಳಲ್ಲಿ ಕಾರ್ಬೊರೇಟರ್ ಹೋಗಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಕುಳಿತಿತ್ತು, ಸೈಲೆನ್ಸರಿಗೆ ಆಕ್ಸಿಜನ್ ಸೆನ್ಸರ್ ಬಂದಿತ್ತು, ನೂರು ಸಿಸಿ ಗಾಡಿಯ ಬೆಲೆಯೂ ಏಳೆಂಟು ಸಾವಿರ ಏರಿತ್ತು. ನಮ್ಮ ಸಾಲಿನ ಮೆಕ್ಯಾನಿಕ್‌ಗಳದೆಲ್ಲ ಒಂದೇ ಮಾತು: "ಇದು ನಮ್ಮ ಕೈಲಿ ಆಗೋ ಕೆಲಸ ಅಲ್ಲಣ್ಣ, ಶೋರೂಮಿನವರಿಗೇ ಬಿಟ್ಟುಬಿಡು. ನಾವಿನ್ನು ಪಂಕ್ಚರ್ ಹಾಕ್ಕೊಂಡಿರೋದೇ ಸೈ." ಇಂದು ನನ್ನಲ್ಲಿಗೆ ದಿನಕ್ಕೆ ಹತ್ತು ಗಾಡಿ ಬಂದರೆ ಆರೇಳು ಬಿಎಸ್-6 ಆಗಿರುತ್ತವೆ, ಕಳೆದ ವರ್ಷ ಕೈಚೆಲ್ಲಿ ವಾಪಸು ಕಳುಹಿಸಿದ್ದು ಮೂರೋ ನಾಲ್ಕೋ ಇರಬಹುದು. ಅಲ್ಲಿಗೆ ತಲುಪುವ ಮುಂಚೆ ಕಳೆದುಕೊಂಡ ಹಣದ ಲೆಕ್ಕವನ್ನು ಮೊದಲು ಒಪ್ಪಿಸುತ್ತೇನೆ.

ಮೊದಲ ತಪ್ಪು ಗಾಡಿಯ ದೋಷ ಓದಿ ಹೇಳುವ ಸ್ಕ್ಯಾನರಿನದು. ಆನ್‌ಲೈನ್‌ನಲ್ಲಿ ಸುಮಾರು ಒಂಬತ್ತು ಸಾವಿರ ಕೊಟ್ಟು ತರಿಸಿದ ಡಬ್ಬಿ ಕಾರುಗಳನ್ನೇನೋ ಓದುತ್ತಿತ್ತು, ಆದರೆ ನಮ್ಮ ಗಾಡಿಗಳ ಮುಂದೆ ಬಾಯಿ ಬಿಡಲಿಲ್ಲ. ಕೊನೆಗೆ ಅದನ್ನು ಎರಡೂವರೆ ಸಾವಿರಕ್ಕೆ ಒಬ್ಬ ಕಾರ್ ಮೆಕ್ಯಾನಿಕ್‌ಗೆ ದಾಟಿಸಿದೆ. ಎರಡನೆಯದು ಇನ್ನೂ ನಾಚಿಕೆಯದು. ಮುರಿದ ಸೈಡ್ ಸ್ಟ್ಯಾಂಡ್‌ಗೆ, ಹಳೆಯ ಅಭ್ಯಾಸದಂತೆ, ಬ್ಯಾಟರಿ ಟರ್ಮಿನಲ್ ಕಳಚದೆಯೇ ವೆಲ್ಡಿಂಗ್ ಹಿಡಿದೆ. ಅದರ ನಂತರ ಆ ಗಾಡಿ ಸೆಲ್ಫ್ ಹೊಡೆಯಿತು, ಆದರೆ ಸ್ಟಾರ್ಟ್ ಆಗಲಿಲ್ಲ. ಟ್ಯಾಂಕಿನ ಪೆಟ್ರೋಲ್ ಪಂಪಿನ ಸದ್ದೂ ಇಲ್ಲ, ಕಿಡಿಯೂ ಇಲ್ಲ. ಇಸಿಯು, ಅಂದರೆ ಎಂಜಿನ್ನನ್ನು ನಡೆಸುವ ಪುಟ್ಟ ಕಂಪ್ಯೂಟರ್, ಸುಟ್ಟಿತ್ತು. ಇನ್ನೂರು ರೂಪಾಯಿಯ ವೆಲ್ಡಿಂಗ್ ಕೆಲಸಕ್ಕೆ ಏಳು ಸಾವಿರದಷ್ಟು ಕೈಯಿಂದ ಹಾಕಿ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಇಸಿಯು ತಂದುಕೊಟ್ಟೆ.

ನನಗೆ ನಿಜವಾಗಿ ಬುದ್ಧಿ ಬಂದದ್ದು ಒಬ್ಬ ಹಾಲಿನವರ ಸ್ಕೂಟರಿನಿಂದ. ಬೆಳಿಗ್ಗೆ ಸರಿಯಾಗಿಯೇ ಸ್ಟಾರ್ಟ್ ಆಗುವ ಗಾಡಿ, ಬಂಕಿಗೆ ಹೋಗಿ ಬಂದ ದಿನ ಮಾತ್ರ ಬಿಸಿಯಲ್ಲಿ ಕೆಮ್ಮಿ ನಿಲ್ಲುತ್ತಿತ್ತು. ಪ್ಲಗ್ ಬದಲಿಸಿದೆ, ಕಾಯಿಲ್ ಬದಲಿಸಿದೆ, ಮೂರು ಸಾವಿರದ ಮೇಲೆ ಕೊಟ್ಟು ಪಂಪನ್ನೂ ಬದಲಿಸಿದೆ; ಗುಣವಾಗಲಿಲ್ಲ. ಕೊನೆಗೆ, ಬೇರೆ ಯಾವುದಕ್ಕೋ ಸೀಟಿನ ಕೆಳಗೆ ಕೈ ಹಾಕಿದಾಗ, ಕ್ಯಾನಿಸ್ಟರಿನ ಪೈಪಿನಿಂದ ಬೆರಳಿಗೆ ಪೆಟ್ರೋಲ್ ಹನಿಯಿತು. ಟ್ಯಾಂಕಿನ ಆವಿ ಗಾಳಿಗೆ ಹೋಗಬಾರದೆಂದು ಬಿಎಸ್-4 ಕಾಲದಿಂದ, ಅಂದರೆ 2017ರಿಂದ, ಈ ಇದ್ದಿಲಿನ ಡಬ್ಬಿ ಗಾಡಿಗಳಲ್ಲಿದೆ. ಅದು ಹೀರಬೇಕಾದದ್ದು ಆವಿಯನ್ನು. ಆದರೆ ಆ ಹಿರಿಯರು ಪ್ರತಿ ಸಲವೂ ಕುತ್ತಿಗೆಯವರೆಗೆ ಪೆಟ್ರೋಲ್ ತುಂಬಿಸುತ್ತಿದ್ದುದರಿಂದ ಡಬ್ಬಿಗೆ ಪೆಟ್ರೋಲೇ ಇಳಿದು, ಅಲ್ಲಿಂದ ಎಂಜಿನ್ನಿಗೆ ಹೋಗಿ, ಮಿಶ್ರಣ ಕೆಡುತ್ತಿತ್ತು. ಡಬ್ಬಿ ಬದಲಿಸಿ, "ಯಜಮಾನರೇ, ಬಂಕಿನ ಗನ್ ಕಟ್ ಆದ ಮೇಲೆ ಒಂದು ಹನಿಯೂ ಹಾಕಿಸಬೇಡಿ" ಎಂದೆ. ಅವರಿಂದ ಪಂಪಿನ ಹಣ ಕೇಳಲು ನನಗೆ ಬಾಯಿ ಬರಲಿಲ್ಲ. ಆ ದಿನ ಪಂಪಿನ ಒತ್ತಡವನ್ನು ಅಳೆದಿದ್ದರೆ ಅದು ಸರಿಯಾಗಿದೆಯೆಂದು ಐದು ನಿಮಿಷದಲ್ಲಿ ತಿಳಿಯುತ್ತಿತ್ತು.

ಅಂದಿನಿಂದ ನಾನು ಹಿಡಿದ ಕ್ರಮ ಇಷ್ಟೆ: ಅಳತೆ ಪುಸ್ತಕಕ್ಕೆ ಏರದೆ ಯಾವ ಭಾಗವನ್ನೂ ಕೊಳ್ಳುವುದಿಲ್ಲ. ಮೊದಲು ವೋಲ್ಟ್ ಅಳೆಯುವ ಮೀಟರಿನಿಂದ ಬ್ಯಾಟರಿ: ಸುಮ್ಮನಿದ್ದಾಗ ಹನ್ನೆರಡೂವರೆ ವೋಲ್ಟ್ ಇರಬೇಕು, ಸೆಲ್ಫ್ ಹೊಡೆಯುವಾಗ ಹತ್ತರ ಕೆಳಗೆ ಜಾರಬಾರದು. ಹಳೆಯ ಗಾಡಿಯಲ್ಲಿ ಬ್ಯಾಟರಿ ಸತ್ತರೂ ಕಿಕ್ಕರ್ ಒದ್ದು ಮನೆ ಸೇರಬಹುದಿತ್ತು, ಇವುಗಳಲ್ಲಿ ಪಂಪೇ ತಿರುಗುವುದಿಲ್ಲ. ಆಮೇಲೆ ಅರ್ಥ್ ತಂತಿ ಮತ್ತು ಕಪ್ಲರುಗಳಲ್ಲಿ (ತಂತಿ ಸೇರಿಸುವ ಕೊಂಡಿಗಳಲ್ಲಿ) ವೋಲ್ಟ್ ಕುಸಿತ, ಆಮೇಲೆ ಪಂಪಿನ ಒತ್ತಡ. ನನ್ನಲ್ಲಿಗೆ ಬರುವ ಹೆಚ್ಚಿನ ಗಾಡಿಗಳಲ್ಲಿ ಅದು ಮೂರು ಬಾರ್ ಆಸುಪಾಸಿನಲ್ಲಿರುತ್ತದೆ. ಗೇಜಿಗೆ ಸಾವಿರದಿನ್ನೂರು, ಲೇತ್‌ನಲ್ಲಿ ಮಾಡಿಸಿದ ನಾಲ್ಕು ಅಡಾಪ್ಟರುಗಳಿಗೆ ಎಂಟುನೂರು ಆಯಿತು. ಸ್ಕ್ಯಾನರಿನ ಸರದಿ ಕೊನೆಗೆ. 2022ರಲ್ಲಿ ಚೀಟಿ ಎತ್ತಿ ಇಪ್ಪತ್ತೆರಡು ಸಾವಿರಕ್ಕೆ ಕೊಂಡ ಎರಡನೆಯ ಸ್ಕ್ಯಾನರು ಸೀಟಿನಡಿಯ ಆರು ಪಿನ್ನಿನ ಕೆಂಪು ಕಪ್ಲರಿಗೆ ಸಿಕ್ಕಿಸಿದೊಡನೆ ಮಾತಾಡಿತು. ಪುಸ್ತಕದ ಮೊದಲ ಇನ್ನೂರು ಗಾಡಿಗಳನ್ನು ಒಮ್ಮೆ ಕುಳಿತು ಎಣಿಸಿದಾಗ, ಅರ್ಧಕ್ಕಿಂತ ಹೆಚ್ಚು ತೊಂದರೆಗಳು ಬ್ಯಾಟರಿ, ಅರ್ಥ್ ಮತ್ತು ಇಲಿ ಕಡಿದ ತಂತಿಗಳವೇ ಆಗಿದ್ದವು. ಹಿಂದೆ ನಾನೇ ಸುಟ್ಟದ್ದನ್ನೂ ಸೇರಿಸಿದರೆ ಇಸಿಯು ಕೆಟ್ಟದ್ದು ಎರಡರಲ್ಲಿ ಮಾತ್ರ.

ತುಕ್ಕು ಹಿಡಿದ ಆಕ್ಸಿಜನ್ ಸೆನ್ಸರನ್ನು ಮರೆ (ಥ್ರೆಡ್) ಕೆಡದಂತೆ ಬಿಚ್ಚುವ ಉಪಾಯವೊಂದಿದೆ. ಎಂಜಿನ್ ಎಷ್ಟು ಬಿಸಿಯಿರಬೇಕು, ಯಾವ ಎಣ್ಣೆ ಹಾಕಬೇಕು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ನನ್ನ ಹುಡುಗರಿಗೂ ಪೂರ್ತಿ ಹೇಳಿಲ್ಲ.

"ಇದನ್ನು ಕಿತ್ತು ಹಳೆಯ ಕಾರ್ಬೊರೇಟರ್ ಹಾಕಿಕೊಡಿ" ಎಂದು ಕೇಳುವವರು ಇಂದಿಗೂ ಇದ್ದಾರೆ. ಅವರಿಗೆ ಉತ್ತರ ಕೊಡಲೆಂದೇ ನನ್ನ ಸ್ವಂತ 125 ಸಿಸಿ ಗಾಡಿಯಲ್ಲಿ ಅದನ್ನು ಮಾಡಿ ನೋಡಿದೆ. ಕಾರ್ಬೊರೇಟರ್, ಕಿಡಿ ಹೊಡೆಸುವ ಸಿಡಿಐ, ವೈರಿಂಗ್ ಎಲ್ಲ ಸೇರಿ ನಾಲ್ಕೂವರೆ ಸಾವಿರ ಆಯಿತು. ಲೀಟರಿಗೆ 58 ಕೊಡುತ್ತಿದ್ದ ಗಾಡಿ 45ಕ್ಕೆ ಇಳಿಯಿತು, ಸೈಲೆನ್ಸರಿನ ಬೆಂಡು ನೀಲಿಗಟ್ಟಿತು. ಕಿಲೋಮೀಟರಿಗೆ ಕಾರ್ಬನ್ ಮಾನಾಕ್ಸೈಡ್ 1 ಗ್ರಾಂ, ನೈಟ್ರೋಜನ್ ಆಕ್ಸೈಡ್ 0.06 ಗ್ರಾಂ ದಾಟಬಾರದೆಂದು ಕಟ್ಟಿದ ಎಂಜಿನ್ನಿಗೆ ಸ್ಕ್ರೂಡ್ರೈವರಿನ ಟ್ಯೂನಿಂಗ್ ಒಗ್ಗುವುದಿಲ್ಲ. ಮೂರು ವಾರಕ್ಕೆ ಎಲ್ಲವನ್ನೂ ಕಿತ್ತು ಮೊದಲಿನಂತೆ ಕೂರಿಸಿದೆ.

ಇನ್ನೊಂದು ಪ್ರಯೋಗದಿಂದ ಮಾತ್ರ ಲಾಭವಾಯಿತು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುವುದರಿಂದ, ಅಳತೆಯ ಗಾಜಿನ ಕೊಳವೆಗೆ 100 ಮಿಲಿ ಪೆಟ್ರೋಲ್, 10 ಮಿಲಿ ನೀರು ಹಾಕಿ ಕುಲುಕಿ ಇಟ್ಟೆ. ಎಥನಾಲ್ ನೀರಿನ ಜೊತೆ ಇಳಿದು, ಕೆಳಗಿನ ಪದರ ಹೆಚ್ಚುಕಡಿಮೆ 30ರ ಗೆರೆಗೆ ಏರಿ ನಿಂತಿತು. ಮಳೆಗಾಲದಲ್ಲಿ ಟ್ಯಾಂಕಿಗೆ ನೀರು ಸೇರಿದರೆ ನಡೆಯುವುದೂ ಇದೇ, ಪಂಪ್ ಎಳೆಯುವುದು ತಳದಿಂದಲೇ. ಕಾರ್ಬೊರೇಟರಿನ ಕಾಲದಲ್ಲಾದರೆ ಬೌಲಿನ ಸ್ಕ್ರೂ ಸಡಿಲಿಸಿ ನೀರು ಚೆಲ್ಲಿ ಹೊರಡಬಹುದಿತ್ತು, ಈಗ ಟ್ಯಾಂಕನ್ನೇ ಇಳಿಸಬೇಕು. ಟ್ಯಾಂಕಿನ ತಳದಿಂದ ತೆಗೆದ ಪೆಟ್ರೋಲನ್ನು ಗಿರಾಕಿಯ ಎದುರೇ ಬಾಟಲಿಗೆ ಹಾಕಿ ಎರಡು ಪದರ ತೋರಿಸಿದರೆ ಮಜೂರಿಗೆ ಚೌಕಾಸಿ ಇರುವುದಿಲ್ಲ.

ಅಳತೆಗೆ ನಾನು ಇನ್ನೂರು ರೂಪಾಯಿ ಬೇರೆಯಾಗಿ ತೆಗೆದುಕೊಳ್ಳುತ್ತೇನೆ. "ಬರೀ ಮೀಟರ್ ಇಟ್ಟಿದ್ದಕ್ಕೆ ಇನ್ನೂರಾ?" ಎಂದವರ ಮುಂದೆ ಪುಸ್ತಕ ತೆರೆದಿಡುತ್ತೇನೆ. ಖರ್ಚು ಮಾತ್ರ ನಿಂತಿಲ್ಲ: ಗಾಡಿ ತನ್ನ ದೋಷವನ್ನು ತಾನೇ ಪತ್ತೆ ಮಾಡಬೇಕೆನ್ನುವ ಓಬಿಡಿ-2ಎ ನಿಯಮ 2023ರ ಏಪ್ರಿಲಿನಲ್ಲಿ ಬಂತು, 2025ರ ಏಪ್ರಿಲಿನಿಂದ 2ಬಿ, ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ಸೋತರೂ ಇನ್ನು ಗಾಡಿಯೇ ದೀಪ ಹಾಕಿ ಹೇಳಬೇಕು. ಅಂಥ ಗಾಡಿಗಳನ್ನು ಪೂರ್ತಿ ಓದಲು ನನ್ನ ಸ್ಕ್ಯಾನರಿಗೆ ವರ್ಷಕ್ಕೆ ನಾಲ್ಕು ಸಾವಿರದ ಅಪ್‌ಡೇಟ್ ಬೇಕಂತೆ. ಈ ಸಲದ್ದನ್ನು ಇನ್ನೂ ಕಟ್ಟಿಲ್ಲ. ಸದ್ಯಕ್ಕೆ ಅಂಥವು ತಿಂಗಳಿಗೆ ಎರಡು ಮೂರು ಬರುತ್ತಿವೆ, ಮೀಟರು ಮತ್ತು ಗೇಜಿನಲ್ಲೇ ನಡೆಯುತ್ತಿದೆ.